ಒಂದು ಸಲ ಅದುರಿದರೆ ಸರಿ

"ನಿಲ್ಲಿ ಸರ್, ಅದನ್ನ ಇನ್ನೊಂದ್ಸಲ ಹೇಳಿ," ಎಂದಳು ಅನುಪಮಾ. "ಹದಿನೇಳನೇ ರ‍್ಯಾಕ್‌ನಿಂದ ಸೀದಾ ಇಪ್ಪತ್ಮೂರಕ್ಕೆ ಯಾಕೆ ಹೋದ್ರಿ? ಮಧ್ಯದಲ್ಲಿ ಹದಿನೆಂಟು ಬಿಟ್ರಲ್ಲ."

ಹನುಮಂತರಾಜು ತಳ್ಳುಗಾಡಿಯ ಹಿಡಿ ಬಿಡದೆ ತಿರುಗಿದ. "ಹದಿನೆಂಟರಾಗೆ ಸಿರಪ್ಪು ಮೇಡಂ. ಗಾಜಿನ ಬಾಟ್ಲಿ. ಮೊದ್ಲೇ ತಗಂಡ್ರೆ ಅದರ ಮೇಲೆ ಡಬ್ಬ ಹೇರ್ಬೇಕಾಯ್ತದೆ. ಎಲ್ಲಾ ಮುಗಿಸ್ಕಂಡು ವಾಪಸ್ ಬರ್ತಾ ತಗಂಡು ಮೇಲಿಟ್ಕಂಡ್ರೆ ಒಡೆಯಲ್ಲ."

ಅವಳು ನಿಂತಲ್ಲೇ ಅದನ್ನು ಟ್ಯಾಬ್‌ನಲ್ಲಿ ಬರೆದುಕೊಂಡಳು. ಇಂಗ್ಲಿಷಿನಲ್ಲಿ ಬರೆಯುತ್ತಿದ್ದಳು. ಆದರೂ ತಾನು ಹೇಳಿದ್ದು ಅಕ್ಷರವಾಗುತ್ತಿದೆಯೆಂಬುದು ಹನುಮಂತರಾಜುವಿಗೆ ಕಾಣುತ್ತಿತ್ತು. ಬೆಂಗಳೂರಿನಿಂದ ಬಂದ ಇಂಜಿನಿಯರ್ ಹುಡುಗಿ ಮೂರು ವಾರದಿಂದ ತನ್ನ ಹಿಂದೆಯೇ ತಿರುಗುತ್ತಿದ್ದಾಳೆ, ತಾನು ಕೆಮ್ಮಿದ್ದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬರೆದುಕೊಳ್ಳುತ್ತಾಳೆ ಎಂದು ಅವನು ಮನೆಯಲ್ಲಿ ಹೆಂಡತಿಯ ಮುಂದೆ ನಗುತ್ತ ಹೇಳಿಕೊಂಡಿದ್ದ. ಹೇಳುವಾಗ ಎದೆ ತುಸು ಉಬ್ಬಿತ್ತು.

ತುಮಕೂರಿನ ಸತ್ಯಮಂಗಲದ ಇಂಡಸ್ಟ್ರಿಯಲ್ ಏರಿಯಾದ ಆ ಔಷಧಿ ಗೋದಾಮು ಹೊರಗಿನಿಂದ ನೋಡಿದರೆ ಒಂದು ತಗಡಿನ ಶೆಡ್ಡು. ಒಳಗೆ ಅರವತ್ತೆರಡು ರ‍್ಯಾಕು, ನಾಲ್ಕು ಸಾವಿರಕ್ಕೂ ಮೀರಿದ ನಮೂನೆಯ ಮಾತ್ರೆ, ಮುಲಾಮು, ಇಂಜೆಕ್ಷನ್ನು. ಗುಬ್ಬಿ, ಕುಣಿಗಲ್ ಕಡೆಯ ಮೆಡಿಕಲ್ ಅಂಗಡಿಗಳಿಂದ ಬೆಳಿಗ್ಗೆ ಆರ್ಡರ್ ಬಂದರೆ ಸಂಜೆ ಐದೂವರೆಗೆ ವ್ಯಾನು ಹೊರಡುವುದರೊಳಗೆ ಎಲ್ಲವನ್ನೂ ಹುಡುಕಿ ತೆಗೆದು ಡಬ್ಬಕ್ಕೆ ತುಂಬಬೇಕು. ಹಾಗೆ ಹುಡುಕಿ ತೆಗೆಯುವ ಎಂಟು ಜನ 'ಪಿಕ್ಕರ್'ಗಳಲ್ಲಿ ಹನುಮಂತರಾಜು ಮುಖ್ಯಸ್ಥ. ಹದಿನಾಲ್ಕು ವರ್ಷದಲ್ಲಿ ಅವನು ಯಾವ ಮಾತ್ರೆ ಎಲ್ಲಿದೆ ಎಂದು ಪಟ್ಟಿ ನೋಡಿದ್ದೇ ಇಲ್ಲ. ಯಾರಾದರೂ ಹೆಸರು ಕೂಗಿದರೆ ಸಾಕು, "ನಲವತ್ತೊಂದು, ಮೇಲಿಂದ ಎರಡ್ನೇದು, ಎಡಗಡೆ" ಎಂದು ಚಹಾ ಹೀರುತ್ತಲೇ ಹೇಳುತ್ತಿದ್ದ. ಮ್ಯಾನೇಜರ್ ಸೋಮಶೇಖರ್ ಹೊರಗಿನವರು ಬಂದಾಗಲೆಲ್ಲ ಅವನನ್ನು ಕರೆದು ಹಾಗೆ ಹೇಳಿಸಿ ತೋರಿಸುತ್ತಿದ್ದರು.

ಅವನ ಬಳಿ ಇನ್ನೂ ಒಂದು ಗುಟ್ಟಿತ್ತು. ಅದು ಚೆನ್ನಮ್ಮನದು.

ಚೆನ್ನಮ್ಮ ಗುಬ್ಬಿ ತಾಲ್ಲೂಕಿನ ಹಾಗಲವಾಡಿಯವಳು. ಗಂಡ ಸತ್ತ ಮೇಲೆ ಮಗಳು ಹರ್ಷಿತಾಳನ್ನು ಓದಿಸಬೇಕೆಂದು ತುಮಕೂರಿಗೆ ಬಂದು, ಗೋದಾಮಿನಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದ್ದಳು. ಒಮ್ಮೆ ಇಬ್ಬರು ಕೆಲಸಗಾರರು ರಜೆ ಹಾಕಿದ್ದಾಗ ಸೋಮಶೇಖರ್ ಅವಳ ಕೈಗೂ ಒಂದು ಆರ್ಡರ್ ಚೀಟಿ ಕೊಟ್ಟರು. ಅವಳು ಅದನ್ನು ತಲೆಕೆಳಗಾಗಿ ಹಿಡಿದು ನಿಂತಿದ್ದನ್ನು ಹನುಮಂತರಾಜು ಕಂಡ. ಯಾರಿಗೂ ಹೇಳಲಿಲ್ಲ. ಹತ್ತಿರ ಹೋಗಿ ಚೀಟಿ ತಿರುಗಿಸಿ ಹಿಡಿಸಿ, ಮೆಲ್ಲಗೆ ಒಂದೊಂದೇ ಹೆಸರು, ಜಾಗ ಓದಿ ಹೇಳಿದ. ಇಪ್ಪತ್ತೆರಡು ಐಟಂ ಇದ್ದವು. ಒಂದೇ ಸಲ ಕೇಳಿಸಿಕೊಂಡು ಇಪ್ಪತ್ತೆರಡನ್ನೂ ತಪ್ಪಿಲ್ಲದೆ ತಂದಿಟ್ಟಳು. ಅಂದಿನಿಂದ ಒಂಬತ್ತು ವರ್ಷ, ದಿನಾ ಬೆಳಿಗ್ಗೆ, ನೀರಿನ ಟ್ಯಾಂಕಿನ ಪಕ್ಕ ನಿಂತು ಅವಳ ಚೀಟಿಗಳನ್ನು ಅವನು ಓದಿ ಹೇಳುತ್ತಿದ್ದ. ಅವಳಿಗೆ ಅಂಕಿ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಡಬ್ಬಗಳನ್ನು ಬಣ್ಣದಿಂದ, ಗಾತ್ರದಿಂದ, ಅಲ್ಲಾಡಿಸಿದಾಗಿನ ಸದ್ದಿನಿಂದ ಗುರುತಿಸುತ್ತಿದ್ದಳು. ಅನುಮಾನ ಬಂದರೆ ರ‍್ಯಾಕಿನ ಸಂದಿಯಿಂದ "ಅಣ್ಣಾ" ಎಂದು ಕೂಗುತ್ತಿದ್ದಳು. ದಿನಕ್ಕೆ ನಾಲ್ಕೈದು ಸಲವಾದರೂ ಆ ಕೂಗು ಬರುತ್ತಿತ್ತು. ಅವನು ಗದರುವವನಂತೆ ಗೊಣಗಿಕೊಂಡು ಹೋಗಿ ಹೇಳಿಕೊಟ್ಟು ಬರುತ್ತಿದ್ದ.

ಯುಗಾದಿ ಕಳೆದ ಮೇಲೆ ಹೊಸ ಏರ್ಪಾಡು ಶುರುವಾಯಿತು. ಎಲ್ಲರೂ ಸೇರಿ ಎರಡು ಭಾನುವಾರ ಕೂತು ಪ್ರತಿ ಟ್ರೇಗೂ ಬೆರಳುದ್ದದ ಬಿಳಿ ಟ್ಯಾಗ್ ಅಂಟಿಸಿದರು. ಎಂಟು ಜನಕ್ಕೂ ಮುಂಗೈಗೆ ಕಟ್ಟಿಕೊಳ್ಳುವ ಕಪ್ಪು ಪಟ್ಟಿ ಬಂತು. ಅನುಪಮಾ ಎಲ್ಲರನ್ನೂ ನಿಲ್ಲಿಸಿಕೊಂಡು ವಿವರಿಸಿದಳು. "ಇದು ಆರ್‌ಎಫ್‌ಐಡಿ. ಟ್ಯಾಗ್ ಒಳಗೆ ಒಂದು ಸಣ್ಣ ಚಿಪ್ ಇದೆ, ನಿಮ್ಮ ಕೈಯಲ್ಲಿರೋದು ಅದನ್ನ ರೇಡಿಯೋ ಥರ ಹಿಡಿಯುತ್ತೆ. ಗಾಡಿ ಮೇಲಿನ ಸ್ಕ್ರೀನ್‌ನಲ್ಲಿ ರ‍್ಯಾಕ್ ನಂಬರ್ ಬರುತ್ತೆ. ಅಲ್ಲಿಗೆ ಹೋಗಿ ಟ್ರೇ ಒಳಗೆ ಕೈ ಹಾಕಿ. ಒಂದು ಸಲ ಅದುರಿದರೆ ಸರಿ. ಮೂರು ಸಲ ಅದುರಿದರೆ ತಪ್ಪು. ಅಷ್ಟೇ. ಚೀಟಿ ಬೇಡ, ಓದೋದು ಬೇಡ, ನೆನಪಿಟ್ಕೊಳ್ಳೋದೂ ಬೇಡ."

ಚೆನ್ನಮ್ಮ ಹನುಮಂತರಾಜುವಿನ ಕಡೆ ತಿರುಗಿ ನೋಡಿದಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ಅವನು ಕಂಡಿರಲಿಲ್ಲ.

ಅನುಪಮಾ ಅವನಿಂದ ಬರೆದುಕೊಂಡಿದ್ದೆಲ್ಲ ಈಗ ಎಂಟೂ ಗಾಡಿಗಳ ಸ್ಕ್ರೀನಿನಲ್ಲಿತ್ತು. ಹದಿನೆಂಟನೇ ರ‍್ಯಾಕನ್ನು ಕೊನೆಗೆ ಮಾಡಿ ಎಂದು ನಿನ್ನೆ ಮೊನ್ನೆ ಸೇರಿದವರಿಗೂ ಅದು ಹೇಳುತ್ತಿತ್ತು. ಹೊಸ ಗುರುತಿನ ಚೀಟಿ ಬಂದಾಗ ಅವನದರಲ್ಲಿ 'ಹೆಡ್ ಪಿಕ್ಕರ್' ಎಂದಿರಲಿಲ್ಲ, 'ಆಪರೇಟರ್ 4' ಎಂದಿತ್ತು. ಪ್ರಿಂಟಿನವರ ತಪ್ಪಿರಬೇಕೆಂದು ಹೋಗಿ ಕೇಳಿದರೆ ಸೋಮಶೇಖರ್ ತಲೆ ಎತ್ತದೆ, "ಈಗ ಹೆಡ್ಡು ಅಂತ ಯಾರೂ ಇಲ್ಲ ರಾಜಣ್ಣ, ಎಲ್ಲಾ ಸಿಸ್ಟಮ್ಮೇ," ಎಂದರು.

ಬಾಗಿಲ ಪಕ್ಕದ ಗೋಡೆಗೆ ಒಂದು ಟಿವಿ ಹಾಕಿದರು. ಅದರಲ್ಲಿ ಎಂಟು ಹೆಸರು, ಎದುರಿಗೆ ಹಸಿರು ಪಟ್ಟಿ. ಯಾರು ಎಷ್ಟು ಬೇಗ, ಎಷ್ಟು ತಪ್ಪಿಲ್ಲದೆ ತೆಗೆದರೋ ಅಷ್ಟು ಉದ್ದ. ಎರಡನೇ ವಾರಕ್ಕೇ ಚೆನ್ನಮ್ಮನ ಹೆಸರು ಮೇಲಕ್ಕೆ ಹೋಯಿತು, ಮತ್ತೆ ಇಳಿಯಲಿಲ್ಲ. ಹನುಮಂತರಾಜು ನಾಲ್ಕರಲ್ಲಿ, ಕೆಲವು ದಿನ ಐದರಲ್ಲಿ. ಅವನಿಗೆ ಕೈಪಟ್ಟಿ ಒಗ್ಗಲಿಲ್ಲ. ಸ್ಕ್ರೀನು ಹೇಳುವ ಮೊದಲೇ ಕಾಲು ಆ ಕಡೆ ಹೊರಟಿರುತ್ತಿತ್ತು, ಅದು ಬೇರೆ ಐಟಂ ಕೇಳುತ್ತಿತ್ತು. ಅಭ್ಯಾಸದಿಂದ ಕೈ ಹಾಕಿದರೆ ಮೂರು ಸಲ ಅದುರುತ್ತಿತ್ತು. ಮೂಳೆಯ ಒಳಗೇ ಯಾರೋ ಬೈದಂತಾಗುತ್ತಿತ್ತು.

ಚೆನ್ನಮ್ಮ ಈಗ ನೀರಿನ ಟ್ಯಾಂಕಿನ ಹತ್ತಿರ ಬರುತ್ತಿರಲಿಲ್ಲ. ಬರುವ ಅಗತ್ಯವಿರಲಿಲ್ಲ. ಬೆಳಿಗ್ಗೆ ಬಂದವಳೇ ಪಟ್ಟಿ ಕಟ್ಟಿಕೊಂಡು ಗಾಡಿ ಹಿಡಿಯುತ್ತಿದ್ದಳು. ಎದುರಾದರೆ "ಚೆನ್ನಾಗೈತೆ ಅಲ್ವಾ ಅಣ್ಣ ಇದು?" ಎಂದು ಕೈ ಎತ್ತಿ ತೋರಿಸಿ ನಗುತ್ತಿದ್ದಳು. "ಹ್ಞೂಂ," ಎನ್ನುತ್ತಿದ್ದ ಅವನು. ಒಂದು ದಿನ ಮಧ್ಯಾಹ್ನ ಮೂವತ್ತನೇ ರ‍್ಯಾಕಿನ ಹತ್ತಿರ ನಿಂತು, ಆ ಕಡೆಯಿಂದ ಕೂಗು ಬಂದು ಎಷ್ಟು ದಿನವಾಯಿತೆಂದು ಲೆಕ್ಕ ಹಾಕಿದ. ಇಪ್ಪತ್ತಾರು ದಿನ ಆಗಿತ್ತು.

ಆ ಯೋಚನೆ ಯಾವಾಗ ಬಂತೆಂದು ಆಮೇಲೆ ಅವನು ಎಷ್ಟು ಹುಡುಕಿಕೊಂಡರೂ ಸಿಗಲಿಲ್ಲ. ಯಾರಿಗೂ ಕೇಡು ಬಯಸಿರಲಿಲ್ಲ ಎಂದು ಮಾತ್ರ ಗೊತ್ತಿತ್ತು. ಯಂತ್ರ ಒಂದು ಸಲ, ಒಂದೇ ಸಲ, ಎಲ್ಲರ ಎದುರಿಗೆ ತಪ್ಪಬೇಕು. ಪ್ಯಾಕಿಂಗ್ ಮೇಜಿನಲ್ಲಿ ರಂಗನಾಥ್ ಪ್ರತಿ ಡಬ್ಬವನ್ನೂ ಬಿಲ್ಲಿನ ಜೊತೆ ಹೋಲಿಸಿ ನೋಡುತ್ತಾನೆ. "ಏನ್ರೀ ಇದು, ಬೇರೆ ಮಾತ್ರೆ ಬಂದೈತೆ," ಎಂದು ಅವನು ಕೂಗಬೇಕು. ಸೋಮಶೇಖರ್ ಬರಬೇಕು, ಅನುಪಮಾ ಬರಬೇಕು, ಯಾರಿಗೂ ತಿಳಿಯಬಾರದು. ಕೊನೆಗೆ "ರಾಜಣ್ಣನ್ನ ಕರೀರಿ" ಎನ್ನಬೇಕು. ಅಷ್ಟಾದರೆ ಸಾಕಿತ್ತು.

ಬುಧವಾರ ಎಲ್ಲರೂ ಊಟಕ್ಕೆ ಹೋಗಿದ್ದಾಗ ಅವನು ಕೈಪಟ್ಟಿಯನ್ನು ಗೂಟಕ್ಕೆ ನೇತುಹಾಕಿ ಮೂವತ್ತೊಂದನೇ ರ‍್ಯಾಕಿಗೆ ಹೋದ. ಅಲ್ಲಿ ರಕ್ತದೊತ್ತಡದ ಒಂದು ಮಾತ್ರೆ, ಎಡಗಡೆ ಟ್ರೇನಲ್ಲಿ ಎರಡೂವರೆ ಎಂಜಿಯದು, ಬಲಗಡೆ ಹತ್ತು ಎಂಜಿಯದು. ಡಬ್ಬ ಎರಡೂ ಒಂದೇ ನೀಲಿ. ಉಗುರಿನಿಂದ ಟ್ಯಾಗುಗಳನ್ನು ಎಬ್ಬಿಸಿ ಅದರದನ್ನು ಇದಕ್ಕೆ, ಇದರದನ್ನು ಅದಕ್ಕೆ ಅಂಟಿಸಿದ. ಒಂದು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಕೈ ತೊಳೆದುಕೊಂಡು ಬುತ್ತಿ ಬಿಚ್ಚಿದ. ಮುದ್ದೆ ಗಂಟಲಲ್ಲಿ ಇಳಿಯಿತು. ಹಸಿವೂ ಇತ್ತು.

ಮೂರು ಗಂಟೆಯ ಹೊತ್ತಿಗೆ ಇಪ್ಪತ್ತೊಂಬತ್ತರಲ್ಲಿ ಮುಲಾಮು ತೆಗೆಯುತ್ತಿದ್ದಾಗ ಆ ಕೂಗು ಬಂತು.

"ಅಣ್ಣಾ."

ಅವನ ಕೈ ಟ್ರೇಯಲ್ಲೇ ನಿಂತಿತು.

"ಅಣ್ಣಾ, ಬತ್ತೀರಾ ಇಲ್ಲಿ ಒಸಿ?"

ಹೋದ. ಚೆನ್ನಮ್ಮ ಮೂವತ್ತೊಂದರ ಮುಂದೆ ನೀಲಿ ಡಬ್ಬ ಹಿಡಿದು ನಿಂತಿದ್ದಳು. ಹಣೆಯಲ್ಲಿ ಗೆರೆ ಮೂಡಿತ್ತು. "ಎರಡೂವರೇದು ಎಡಗಡೆ ಟ್ರೇಲಿ ಅಲ್ವಾ ಇದ್ದಿದ್ದು? ಕೈ ಹಾಕಿದ್ರೆ ಮೂರ್ ಸಲ ಅಂತೈತೆ. ಬಲಗಡೇದು ಒಂದೇ ಸಲ ಅದುರ್ತೈತೆ. ಇದು ಹತ್ತರದ್ದು ಕಣಣ್ಣ, ನಂಗ್ ನೆನಪೈತೆ."

ಬೇರೆ ಯಾರಾದರೂ ಆಗಬಾರದಿತ್ತೇ ಎಂದು ಅವನಿಗನ್ನಿಸಿತು. ಆ ಸಾಲಿನಲ್ಲಿ ಮೂರು ಜನ ಓಡಾಡುತ್ತಿದ್ದರು. ಅವರಲ್ಲಿ ಇಬ್ಬರು ನಿಂತು ಯೋಚಿಸುವವರೇ ಅಲ್ಲ. ಇವಳೊಬ್ಬಳೇ ನಿಂತಿದ್ದಳು, ಅಕ್ಷರ ಬಾರದವಳು. 'ಹೌದು ಚೆನ್ನಮ್ಮ, ಎಡಗಡೇದೇ' ಎಂದುಬಿಟ್ಟರೆ ಮುಗಿದುಹೋಗುತ್ತಿತ್ತು. ಆ ಮಾತು ನಾಲಿಗೆಯ ಮೇಲೇ ಇತ್ತು. ಅದರ ಜೊತೆಗೇ ಟಿವಿಯ ಹಸಿರು ಪಟ್ಟಿ, ಆಪರೇಟರ್ ನಾಲ್ಕು, ಇಪ್ಪತ್ತಾರು ದಿನ ಎಲ್ಲವೂ ಇದ್ದವು. ಹೇಗೂ ಮೇಜಿನಲ್ಲಿ ರಂಗನಾಥ್ ಹಿಡಿಯುತ್ತಾನೆ.

ಅವನು ರ‍್ಯಾಕಿನ ಕಂಬವನ್ನು ನೋಡುತ್ತ ಹೇಳಿದ. "ಮಿಷಿನ್ ಏನ್ ಹೇಳ್ತದೋ ಅದನ್ನ ಮಾಡಮ್ಮ. ನನ್ನೇನ್ ಕೇಳ್ತೀಯ?"

ಅವಳು ಡಬ್ಬವನ್ನು ಇನ್ನೊಂದು ಸಲ ತಿರುಗಿಸಿ ನೋಡಿದಳು. ಆಮೇಲೆ ಡಬ್ಬವನ್ನು ಗಾಡಿಗೆ ಇಟ್ಟುಕೊಂಡು ಹೋದಳು.

ನಾಲ್ಕಾಯಿತು, ಐದಾಯಿತು. ಮೇಜಿನಿಂದ ಯಾವ ಕೂಗೂ ಬರಲಿಲ್ಲ. ವ್ಯಾನು ಹೊರಟ ಮೇಲೆ ಹನುಮಂತರಾಜು ಅತ್ತ ಹೋಗಿ ಸುಮ್ಮನೆ ಕೇಳುವವನಂತೆ ಕೇಳಿದ. "ಏನಪ್ಪಾ ರಂಗಣ್ಣ, ಇವತ್ತು ಏನೂ ಹೆಚ್ಚುಕಮ್ಮಿ ಬರ್ಲಿಲ್ವಾ?"

ರಂಗನಾಥ್ ಟೇಪಿನ ಸುರುಳಿ ಸುತ್ತಿಡುತ್ತಿದ್ದ. "ನಾನೆಲ್ಲಿ ನೋಡ್ತೀನಿ? ಸೋಮವಾರದಿಂದ ಚೆಕ್ಕಿಂಗ್ ತೆಗ್ದವ್ರಲ್ಲ. ಕೈಯೇ ನೋಡಿರ್ತದೆ, ಮತ್ತೆ ಕಣ್ಣಲ್ ನೋಡಿ ಟೈಮ್ ವೇಸ್ಟ್ ಮಾಡ್ಬೇಡಿ ಅಂದ್ರು ಸಾಹೇಬ್ರು. ಟೇಪ್ ಹಾಕದೊಂದೇ ನನ್ ಕೆಲ್ಸ."

ಹನುಮಂತರಾಜು ಮೂವತ್ತೊಂದಕ್ಕೆ ಹೋಗಿ ಟ್ಯಾಗುಗಳನ್ನು ಕಿತ್ತು ಮೊದಲಿನಂತೆ ಅಂಟಿಸಿದ. ಈ ಸಲ ಒಂದು ಸೊಟ್ಟಗೆ ಕೂತಿತು, ಮತ್ತೆ ಎಬ್ಬಿಸಿ ನೆಟ್ಟಗೆ ಕೂರಿಸಿದ. ಬಿಲ್ಲುಗಳನ್ನು ತಿರುವಿ ನೋಡಿದರೆ ಮಧ್ಯಾಹ್ನದಿಂದ ಆ ಮಾತ್ರೆ ಹೋಗಿದ್ದು ಒಂದೇ ಆರ್ಡರಿಗೆ, ಹುಲಿಯೂರುದುರ್ಗದ ಒಂದು ಅಂಗಡಿಗೆ. ಗೇಟಿನ ಹೊರಗೆ ಬಂದು ಮೊಬೈಲು ತೆಗೆದು ವ್ಯಾನಿನ ಡ್ರೈವರ್ ಗಂಗರಾಜುವಿನ ನಂಬರ್ ಹುಡುಕಿದ. ಏನೆಂದು ಹೇಳುವುದು? ನಿನಗೆ ಹೇಗೆ ಗೊತ್ತು ಎಂದು ಕೇಳಿದರೆ? ಅಂಗಡಿಯವನು ಡಬ್ಬ ಒಡೆಯುವಾಗ ನೋಡಿಯೇ ನೋಡುತ್ತಾನೆ, ವಾಪಸ್ ಕಳಿಸುತ್ತಾನೆ ಎಂದುಕೊಂಡ. ಮೊಬೈಲನ್ನು ಜೇಬಿಗೆ ಹಾಕಿಕೊಂಡು ಬಸ್‌ಸ್ಟಾಪಿನ ಕಡೆ ನಡೆದ.

ಅಂಗಡಿಯವನು ನೋಡಲಿಲ್ಲ. ಅದು ಮುಂದಿನ ಮಂಗಳವಾರ ತಿಳಿಯಿತು. ಹುಲಿಯೂರುದುರ್ಗದ ಶಿವರಾಮಯ್ಯ ಎಂಬ ಎಪ್ಪತ್ತು ದಾಟಿದವರು ದಿನಾ ನುಂಗುವ ಮಾತ್ರೆಯೇ ಎಂದು ನಾಲ್ಕು ದಿನ ನುಂಗಿ, ಐದನೇ ಬೆಳಿಗ್ಗೆ ಬಚ್ಚಲಲ್ಲಿ ತಲೆ ತಿರುಗಿ ಬಿದ್ದಿದ್ದರು. ಹಣೆಗೆ ಏಳು ಹೊಲಿಗೆ. ಸೊಂಟದ ಮೂಳೆ ಬಿರುಕು ಬಿಟ್ಟಿತ್ತು. ಅವರ ಮನೆಯವರು ಅಂಗಡಿಯವನ ಮೇಲೆ ಹೋದರು, ಅಂಗಡಿಯವನು ಬಿಲ್ಲು ಮತ್ತು ಡಬ್ಬ ಎರಡರ ಫೋಟೋ ತೆಗೆದು ಗೋದಾಮಿಗೆ ಕಳಿಸಿದ. ಬಿಲ್ಲಿನಲ್ಲಿ ಎರಡೂವರೆ, ಡಬ್ಬದ ಮೇಲೆ ಹತ್ತು.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಸೋಮಶೇಖರ್ ಎಂಟು ಜನರನ್ನೂ ಮೂವತ್ತೊಂದನೇ ರ‍್ಯಾಕಿನ ಮುಂದೆ ನಿಲ್ಲಿಸಿದರು. ಅನುಪಮಾ ಬೆಂಗಳೂರಿನಿಂದ ಬೆಳಿಗ್ಗೆಯೇ ಬಂದಿದ್ದಳು. ಅವಳ ಟ್ಯಾಬಿನಲ್ಲಿ ಎಲ್ಲವೂ ದಾಖಲಾಗಿತ್ತು.

"ಹೋದ ಬುಧವಾರ ಮೂರು ಗಂಟೆ ನಾಲ್ಕು ನಿಮಿಷ. ಚೆನ್ನಮ್ಮ ಅವರು. ಮೊದಲು ತಪ್ಪು ಟ್ರೇಗೆ ಕೈ ಹಾಕಿದ್ದಾರೆ, ಮೂರು ಸಲ ಅದುರಿದೆ. ಆಮೇಲೆ ಸರಿಯಾದ ಟ್ರೇಗೆ ಹಾಕಿದ್ದಾರೆ, ಒಂದು ಸಲ. ಸಿಸ್ಟಮ್ ಸರಿಯಾಗೇ ಹೇಳಿದೆ. ಆದರೆ ಡಬ್ಬ ಬಂದಿರೋದು ತಪ್ಪು ಟ್ರೇಯಿಂದ." ಅವಳ ದನಿಯಲ್ಲಿ ಕೋಪವಿರಲಿಲ್ಲ. "ಚೆನ್ನಮ್ಮ ಅವರೇ, ಏನಾಯ್ತು ಅಂತ ನೆನಪಿದೆಯಾ?"

"ನೆನಪೈತೆ ಮೇಡಂ. ಎಡಗಡೇದು ಮೂರ್ ಸಲ ಅಂತು. ಬಲಗಡೇದು ಒಂದ್ ಸಲ."

ಅನುಪಮಾ ತನ್ನ ಕೈಗೆ ಪಟ್ಟಿ ಕಟ್ಟಿಕೊಂಡು ಎಡಗಡೆ ಟ್ರೇಗೆ ಕೈ ಹಾಕಿದಳು. ಒಂದು ಸಲ ಅದುರಿತು. ಬಲಗಡೆಗೆ ಹಾಕಿದಳು. ಮೂರು ಸಲ. ಪಟ್ಟಿಯ ಗುಂಯ್ ಸದ್ದು ಎಲ್ಲರಿಗೂ ಕೇಳಿಸಿತು.

"ಅವತ್ತು ಹಿಂಗಿರ್ಲಿಲ್ಲ ಮೇಡಂ," ಎಂದಳು ಚೆನ್ನಮ್ಮ.

"ಹಾಗಂದ್ರೆ ಹೇಗೆ?" ಸೋಮಶೇಖರ್ ಮುಂದೆ ಬಂದರು. "ಟ್ಯಾಗು ಕಾಲು ಬಂದು ಎದ್ದೋಯ್ತಾ? ಅನುಮಾನ ಬಂದಿದ್ರೆ ಡಬ್ಬದ ಮೇಲೆ ಹೆಸರು ಓದ್ಬೇಕು ತಾನೆ?"

"ಅನುಮಾನ ಬಂತು ಸಾರ್. ಬಂದು..." ಅವಳು ನಿಲ್ಲಿಸಿದಳು.

ಹನುಮಂತರಾಜು ನೆಲ ನೋಡುತ್ತಿದ್ದ. ಸಿಮೆಂಟಿನಲ್ಲಿ ಗಾಡಿಯ ಚಕ್ರ ತೀಡಿ ತೀಡಿ ಎರಡು ಕಪ್ಪು ಗೆರೆಗಳಾಗಿದ್ದವು.

"ಬಂದು? ಏನ್ ಮಾಡಿದ್ರಿ?"

"ಮಿಷಿನ್ ಏನ್ ಹೇಳ್ತೋ ಅದನ್ನ ಮಾಡ್ದೆ."

ಸೋಮಶೇಖರ್ ನೀಲಿ ಡಬ್ಬವೊಂದನ್ನು ತೆಗೆದು ಅವಳ ಕೈಗಿಟ್ಟರು. "ಓದಿ ಇದನ್ನ." ಅವಳು ಅಂಕಿ ಹೇಳಿದಳು. "ಅಂಕಿ ಅಲ್ಲ, ಹೆಸರು." ಅವಳು ಹೇಳಲಿಲ್ಲ. ಇಂಗ್ಲಿಷ್ ಬರದಿರಬಹುದು ಎಂದು ಅನುಪಮಾ ಮೆಲ್ಲಗೆ ಅಂದಳು. ಸೋಮಶೇಖರ್ ಗೋಡೆಯ ಮೇಲಿನ ಬೋರ್ಡನ್ನು ತೋರಿಸಿದರು. "ಅದು ಕನ್ನಡ. ಓದಿ."

"ಇಲ್ಲಿ ಬೀಡಿ ಸೇದ್ಬಾರ್ದು ಅಂತ," ಎಂದಳು ಚೆನ್ನಮ್ಮ. ಬೋರ್ಡಿನ ಮೇಲೆ 'ಧೂಮಪಾನ ನಿಷೇಧಿಸಲಾಗಿದೆ' ಎಂದಿತ್ತು, ಪಕ್ಕದಲ್ಲಿ ಬೀಡಿಯ ಚಿತ್ರಕ್ಕೆ ಕೆಂಪು ಗೆರೆ ಎಳೆದಿತ್ತು. ಹಿಂದೆ ಯಾರೋ ಕಿಸಕ್ಕೆಂದರು.

ಸೋಮಶೇಖರ್ ತಮ್ಮ ಫೈಲಿನಿಂದ ಒಂದು ಹಾಳೆ ತೆಗೆದು ಕೊಟ್ಟರು. ರಜೆಯ ಬಗ್ಗೆ ಹಿಂದಿನ ತಿಂಗಳು ಹೊರಡಿಸಿದ್ದ ಸುತ್ತೋಲೆ, ಅದರಲ್ಲಿ ಚಿತ್ರವಿರಲಿಲ್ಲ. ಚೆನ್ನಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಸರಿಯಾದ ದಿಕ್ಕಿನಲ್ಲೇ ಹಿಡಿದಿದ್ದಳು. ಮೊದಲ ಸಾಲಿನ ಮೇಲೆ ಕಣ್ಣಿಟ್ಟು ನಿಂತಳು. ಒಂದು ನಿಮಿಷ ಹಾಗೇ ಹೋಯಿತು. ಫ್ಯಾನಿನ ಗಾಳಿಗೆ ಹಾಳೆಯ ತುದಿ ಪಟಪಟ ಅನ್ನುತ್ತಿತ್ತು. ಸಾಕು ಬಿಡಿ ಸರ್, ಎಂದಳು ಅನುಪಮಾ. ಸೋಮಶೇಖರ್ ಕೈ ಎತ್ತಿ ಅವಳನ್ನು ತಡೆದರು. ಇನ್ನೂ ಒಂದು ನಿಮಿಷ ಹೋಯಿತು. ಈಗ ಹೇಳುತ್ತೇನೆ, ಈಗ, ಎಂದು ಹನುಮಂತರಾಜು ಅಂದುಕೊಳ್ಳುತ್ತಲೇ ಇದ್ದ.

"ಬರಲ್ಲ ಸಾರ್," ಎಂದು ಚೆನ್ನಮ್ಮ ಹಾಳೆಯನ್ನು ವಾಪಸ್ ಕೊಟ್ಟಳು.

"ಒಂಬತ್ತು ವರ್ಷ!" ಸೋಮಶೇಖರ್ ಸುತ್ತ ನಿಂತವರನ್ನೆಲ್ಲ ನೋಡಿದರು. "ಒಂಬತ್ತು ವರ್ಷ ಓದಕ್ ಬರದೋರ ಕೈಲಿ ಔಷಧಿ ಕೊಡಿಸಿದ್ದೀವಿ. ಯಾರಿಗೂ ಗೊತ್ತಿರ್ಲಿಲ್ವಾ?"

ಯಾರೂ ಉತ್ತರ ಕೊಡಲಿಲ್ಲ. ಗೊತ್ತಿದ್ದವನೂ ಕೊಡಲಿಲ್ಲ. ಚೆನ್ನಮ್ಮ ಮುಂಗೈಯ ಪಟ್ಟಿ ಬಿಚ್ಚಿ ಟ್ರೇಯ ಅಂಚಿಗೆ ಇಟ್ಟಳು. ಅದು ಎಡಗಡೆಯ ಟ್ರೇ. ಮೇಜಿನ ಕೆಳಗಿಂದ ತನ್ನ ಚೀಲ ತೆಗೆದುಕೊಂಡು, ಚಪ್ಪಲಿ ಮೆಟ್ಟಿ, ಗೇಟು ದಾಟಿ ಹೋದಳು. ಹೋಗುವಾಗ ಯಾರ ಮುಖವನ್ನೂ ನೋಡಲಿಲ್ಲ.

ನಾಲ್ಕು ದಿನ ಹನುಮಂತರಾಜು ಕೆಲಸ ಮಾಡಿದ. ಟಿವಿಯಲ್ಲಿ ಅವಳ ಹೆಸರು ಇಲ್ಲವಾಗಿ ಅವನು ಮೂರಕ್ಕೆ ಏರಿದ್ದ. ಮನೆಯಲ್ಲಿ ಊಟ ಬಿಟ್ಟೇಳುವುದು ನೋಡಿ ಹೆಂಡತಿ, "ಷುಗರ್ ಚೆಕ್ ಮಾಡಿಸ್ಕಳಿ," ಎಂದಳು. ಐದನೆಯ ದಿನ ಅವನು ಸೋಮಶೇಖರರ ಕೋಣೆಗೆ ಹೋಗಿ ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಉಗುರಿನಿಂದ ಎಬ್ಬಿಸಿದ್ದು, ಅಂಟಿಸಿದ್ದು, ಅವಳು ಕರೆದದ್ದು, ತಾನು ಅಂದದ್ದು, ಸಂಜೆ ಮತ್ತೆ ಬದಲಿಸಿದ್ದು.

ಸೋಮಶೇಖರ್ ಎದ್ದು ಬಾಗಿಲು ಹಾಕಿದರು.

"ಯಾರಿಗಾದ್ರೂ ಹೇಳಿದೀರಾ?"

"ಇಲ್ಲ ಸಾರ್."

"ಹೇಳ್ಬೇಡಿ." ಅವರು ಕುರ್ಚಿಗೆ ಒರಗಿದರು. "ರಾಜಣ್ಣ, ರಿಪೋರ್ಟ್ ಹೆಡ್ಡಾಫೀಸಿಗೆ ಹೋಗಿದೆ. ಕೆಲಸದೋಳ ತಪ್ಪು, ಸಿಸ್ಟಮ್‌ದು ಏನೂ ಇಲ್ಲ ಅಂತ ಬರೆದಿದೀವಿ. ಅವರು ಅದನ್ನ ಓದಿ ಇನ್ನೂ ನಾಲ್ಕು ಗೋದಾಮಿಗೆ ಇದನ್ನೇ ಹಾಕ್ತಾ ಇದಾರೆ. ಈಗ ಹೋಗಿ, ಸ್ವಾಮಿ, ಉಗುರಿರೋ ಯಾರು ಬೇಕಾದ್ರೂ ಇದನ್ನ ಕೆಡಿಸಬಹುದು ಅಂತ ಹೇಳ್ಲಾ? ಮೇಜಿನ ಚೆಕ್ಕಿಂಗ್ ತೆಗೆಸಿದ್ದು ನಾನು. ಅದನ್ನೂ ಕೇಳ್ತಾರೆ."

"ಚೆನ್ನಮ್ಮನ್ನ ವಾಪಸ್ಸು..."

"ಓದಕ್ ಬರದೋರನ್ನ ಇಟ್ಕೊಳ್ಳಕ್ಕಾಗುತ್ತಾ? ಅದು ಬೇರೆ ವಿಷಯ, ಇದು ಬೇರೆ ವಿಷಯ." ಅವರು ಫೈಲು ಎಳೆದುಕೊಂಡರು. "ನೀವು ಏನೂ ಹೇಳಿಲ್ಲ, ನಾನು ಏನೂ ಕೇಳಿಲ್ಲ. ಹೋಗಿ ಕೆಲಸ ಮಾಡಿ."

ಹೊರಗೆ ಬಂದಾಗ ಅವನಿಗೆ ಮೊದಲು ಆದದ್ದು ಸಮಾಧಾನ. ಬೆವರಿದ ಬೆನ್ನಿಗೆ ಗಾಳಿ ಬಿದ್ದಂತೆ. ಅದು ಸಮಾಧಾನವೇ ಎಂದು ತಿಳಿದ ಮೇಲೆ ಸಿಂಕಿನ ಹತ್ತಿರ ಹೋದ. ಮುಖ ತೊಳೆದುಕೊಂಡು, ಕೈಪಟ್ಟಿ ಕಟ್ಟಿಕೊಂಡು, ಗಾಡಿ ತಳ್ಳಿಕೊಂಡು ಹೋದ.

ಚೆನ್ನಮ್ಮ ಊರಿಗೆ ಹೋದಳೆಂದು ಯಾರೋ ಅಂದಿದ್ದನ್ನು ಕೇಳಿ, ಭಾನುವಾರ ಗುಬ್ಬಿಗೆ ಹೋಗಿ ಅಲ್ಲಿಂದ ಹಾಗಲವಾಡಿಯ ಬಸ್ಸು ಹತ್ತಿದ. ಚೆನ್ನಮ್ಮನ ಮನೆಗೆ ಬೀಗ ಹಾಕಿತ್ತು. ಮಗಳನ್ನು ಮಠದ ಹಾಸ್ಟೆಲಿಗೆ ಸೇರಿಸಿ, ತುಮಕೂರಿನ ರೂಮು ಖಾಲಿ ಮಾಡಿ ಬಂದಿದ್ದಾಳೆ, ಈಗ ಕೊಬ್ಬರಿ ಶೆಡ್ಡಿಗೆ ಹೋಗಿರುತ್ತಾಳೆ ಎಂದು ಎದುರುಮನೆಯವರು ಹೇಳಿದರು.

ಶೆಡ್ಡು ಊರಾಚೆ ತೆಂಗಿನ ತೋಟದ ಅಂಚಿಗಿತ್ತು. ಒಳಗೆ ಹತ್ತು ಹನ್ನೆರಡು ಹೆಂಗಸರು. ಕೆಲವರು ಒಣಕಾಯಿಯ ಚಿಪ್ಪು ಒಡೆದು ಇಡೀ ಕೊಬ್ಬರಿ ಉಂಡೆಯನ್ನು ಹೊರತೆಗೆಯುತ್ತಿದ್ದರು. ಮೂಲೆಯಲ್ಲಿ ಗೋಣಿಚೀಲದ ಮೇಲೆ ಕೂತ ಚೆನ್ನಮ್ಮ ಆ ಉಂಡೆಗಳನ್ನು ಆರಿಸುತ್ತಿದ್ದಳು. ಮುಂದೆ ದೊಡ್ಡ ರಾಶಿ, ಸುತ್ತ ಮೂರು ಸಣ್ಣ ರಾಶಿ: ಬಲಕ್ಕೆ ದಪ್ಪದ್ದು, ಎಡಕ್ಕೆ ಚಿಕ್ಕದ್ದು, ಹಿಂದೆ ಅಲುಗಿಸಿದರೆ ಸದ್ದಾಗುವಂಥದ್ದು. ಒಂದೊಂದನ್ನೂ ಎತ್ತಿ, ಅಂಗೈಯಲ್ಲಿ ತೂಗಿ, ಒಂದು ಸಲ ಅಲುಗಿಸಿ ಎಸೆಯುತ್ತಿದ್ದಳು.

"ಯಾರ್ ಬೇಕಾಗಿತ್ತು?" ಬಾಗಿಲಲ್ಲಿ ಚಿಪ್ಪು ಒಡೆಯುತ್ತಿದ್ದ ಓಬಳಮ್ಮ ಎಂಬ ಮುದುಕಿ ಕೇಳಿದಳು. ಅವನು ಕೈ ತೋರಿಸಿದ್ದು ಕಂಡು ಕೂಗಿದಳು. "ಏ ಚೆನ್ನಿ, ನೋಡೇ, ಯಾರೋ ಬಂದವ್ರೆ. ನಿಮ್ ಕಡ್ಯೋರಾ?"

ಚೆನ್ನಮ್ಮ ನೋಡಿದಳು. "ಅಲ್ಲ. ಗೋದಾಮ್ನೋರು."

ಅವನು ಹೋಗಿ ಅವಳೆದುರು ಕುಕ್ಕರುಗಾಲಲ್ಲಿ ಕೂತ. ಏನೆಲ್ಲ ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ. ಒಂದೂ ಉಳಿಯಲಿಲ್ಲ. "ಟ್ಯಾಗು ಅದಲುಬದಲು ಮಾಡಿದ್ದು ನಾನು," ಎಂದ.

"ಗೊತ್ತು." ಅವಳ ಕೈ ನಿಲ್ಲಲಿಲ್ಲ.

"ಯಾವಾಗಿಂದ?"

"ಅವತ್ತು ಕರ್ದಾಗ ನೀವು ನನ್ ಮುಖ ನೋಡ್ಲಿಲ್ಲ. ಏನೋ ಐತೆ ಅನ್ನುಸ್ತು. ಏನು ಅಂತ ತಿಳೀಲಿಲ್ಲ. ಆಮೇಲೆ ಆ ಹುಡ್ಗಿ ಕೈ ಹಾಕಿ ತೋರಿಸ್ದಾಗ ತಿಳೀತು. ನೀವು ನೆಲ ನೋಡ್ತಿದ್ರಿ."

"ಅಲ್ಲೇ ಯಾಕ್ ಹೇಳ್ಲಿಲ್ಲ ಚೆನ್ನಮ್ಮ? ಎಲ್ರ ಮುಂದೇನೇ ಹೇಳ್ಬೋದಿತ್ತಲ್ಲ."

ಒಂದು ಉಂಡೆ ಅಲುಗಿಸಿದಳು, ಒಳಗೇನೋ ಸದ್ದಾಯಿತು, ಹಿಂದಿನ ರಾಶಿಗೆ ಎಸೆದಳು. "ನೀವೇ ಹೇಳ್ತೀರ ಅಂತ ಕಾಯ್ತಿದ್ದೆ. ಆ ಪೇಪರ್ ಹಿಡ್ಕಂಡು ನಿಂತಿದ್ನಲ್ಲ, ಅಷ್ಟೊತ್ತೂ."

ಹೊರಗೆ ಯಾರದೋ ಟ್ರ್ಯಾಕ್ಟರು ಹಾದುಹೋಯಿತು.

"ಸೋಮಶೇಖರ್ ಸಾರ್ಗೆ ಹೇಳ್ದೆ. ಎಲ್ಲಾನೂ ಹೇಳ್ದೆ."

"ಏನಂದ್ರು?"

"ಹೋಗಿ ಕೆಲಸ ಮಾಡಿ ಅಂದ್ರು."

"ಮಾಡ್ತಾ ಇದೀರಾ?"

ಅವನು ಮಂಡಿಯ ಮೇಲಿದ್ದ ತನ್ನ ಕೈಗಳನ್ನು ನೋಡಿಕೊಂಡ. ಎಡ ಮುಂಗೈಯಲ್ಲಿ ಪಟ್ಟಿಯ ಗುರುತು ಬೆಳ್ಳಗೆ ಕಾಣುತ್ತಿತ್ತು.

"ಆ ಯಜಮಾನ್ರು ಹೆಂಗವ್ರೆ?" ಚೆನ್ನಮ್ಮ ಕೇಳಿದಳು. "ದುರ್ಗದೋರು. ಎದ್ದು ಓಡಾಡ್ತಾರಾ?"

ಅವನಿಗೆ ಗೊತ್ತಿರಲಿಲ್ಲ. ಇಷ್ಟು ದಿನದಲ್ಲಿ ಅದನ್ನು ತಾನು ಯಾರನ್ನೂ ಕೇಳಿಯೇ ಇರಲಿಲ್ಲ ಎಂಬುದು ಅವಳು ಕೇಳಿದ ಮೇಲೆಯೇ ಹೊಳೆಯಿತು. ಅವಳು ಇನ್ನೊಂದು ಸಲ ಕೇಳಲಿಲ್ಲ.

ಓಬಳಮ್ಮ ಒಂದು ಲೋಟ ನೀರು ತಂದು ಅವನ ಪಕ್ಕ ಇಟ್ಟು ಹೋದಳು. ಅವನು ಕುಡಿದ. ಇನ್ನೂ ಸ್ವಲ್ಪ ಹೊತ್ತು ಕೂತ. ಚೆನ್ನಮ್ಮ ಹೋಗಿ ಎಂದೂ ಅನ್ನಲಿಲ್ಲ, ಕೂತ್ಕಳಿ ಎಂದೂ ಅನ್ನಲಿಲ್ಲ. ಅವಳ ಕೈ ರಾಶಿಗೆ ಹೋಗುತ್ತಿತ್ತು, ಎತ್ತುತ್ತಿತ್ತು, ತೂಗುತ್ತಿತ್ತು, ಎಸೆಯುತ್ತಿತ್ತು. ಎಸೆಯುವಾಗ ಎತ್ತ ಎಂದು ಅವಳು ನೋಡುತ್ತಲೇ ಇರಲಿಲ್ಲ.

ಒಂದು ಉಂಡೆ ರಾಶಿಯಿಂದ ಜಾರಿ ಉರುಳುತ್ತ ಬಂದು ಅವನ ಕಾಲಿಗೆ ತಗುಲಿ ನಿಂತಿತು. ಹನುಮಂತರಾಜು ಅದನ್ನು ಎತ್ತಿಕೊಂಡ. ತಿರುಗಿಸಿ ನೋಡಿದ. ಅವಳಂತೆಯೇ ಅಂಗೈಯಲ್ಲಿ ತೂಗಿ, ಕಿವಿಯ ಹತ್ತಿರ ಹಿಡಿದು ಅಲುಗಿಸಿ, ಬಲಗಡೆಯ ದಪ್ಪದ ರಾಶಿಯ ಮೇಲೆ ಮೆಲ್ಲಗೆ ಇಟ್ಟ.

ಚೆನ್ನಮ್ಮ ಕೈ ಚಾಚಿ ಅದನ್ನು ಅಲ್ಲಿಂದ ತೆಗೆದು ಎಡಗಡೆಗೆ ಹಾಕಿ, ಮುಂದಿನದನ್ನು ಎತ್ತಿಕೊಂಡಳು.